ಎಣಿಕೆಯ ನಿಯಮ, ಪಕ್ಷಗಳ ನಡೆ



ಒಂದು ವರ್ಷದ ಅಂತರದಲ್ಲಿ ಕರ್ನಾಟಕದಲ್ಲಿ ನಡೆದ ಎರಡು ಚುನಾವಣೆಗಳ ಅಂಕಿಗಳನ್ನು ನಿಮ್ಮ ಮುಂದಿಟ್ಟು ವಿಷಯಕ್ಕೆ ಬರುತ್ತೇನೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 43ರಷ್ಟು ಮತ ಬಂತು. 224 ಸ್ಥಾನಗಳಲ್ಲಿ 135, ಅಂದರೆ ನೂರಕ್ಕೆ ಅರವತ್ತು, ಅದರ ಪಾಲಾಯಿತು. 2024ರ ಲೋಕಸಭಾ ಚುನಾವಣೆಯಲ್ಲಿ ಅದೇ ಪಕ್ಷದ ಮತ ಇದೇ ರಾಜ್ಯದಲ್ಲಿ ಶೇ 45 ದಾಟಿತು. ದಕ್ಕಿದ್ದು 28ರಲ್ಲಿ 9 ಸ್ಥಾನ, ಅಂದರೆ ನೂರಕ್ಕೆ ಮೂವತ್ತೆರಡು. ಮತದ ಪಾಲು ಏರಿತು. ಸ್ಥಾನದ ಪಾಲು ಹೆಚ್ಚುಕಡಿಮೆ ಅರ್ಧಕ್ಕೆ ಕುಸಿಯಿತು.

ಫಲಿತಾಂಶ ಬಂದಾಗ ನಾವು ನಾಯಕರನ್ನು, ಸಮುದಾಯಗಳನ್ನು, ಹಣವನ್ನು, ಅಲೆಯನ್ನು ಕುರಿತು ವಾರಗಟ್ಟಲೆ ಚರ್ಚಿಸುತ್ತೇವೆ. ಮತವನ್ನು ಸ್ಥಾನವಾಗಿ ಮಾರ್ಪಡಿಸುವ ನಿಯಮದ ಕಡೆ ಮಾತ್ರ ನಮ್ಮ ಗಮನ ಹರಿಯುವುದಿಲ್ಲ. ಆ ನಿಯಮ ಗೆದ್ದವರು ಯಾರೆಂದು ತಿಳಿಸಿ ಸುಮ್ಮನಾಗುವುದಿಲ್ಲ. ಯಾರ ಜೊತೆ ಕೂಡಬೇಕು, ಯಾರಿಂದ ಒಡೆಯಬೇಕು, ಯಾರಿಗೆ ಟಿಕೆಟ್ ಕೊಡಬೇಕು, ಯಾವ ಮತದಾರರನ್ನು ಓಲೈಸಬೇಕು, ಯಾರನ್ನು ಕೈಬಿಟ್ಟರೂ ನಷ್ಟವಿಲ್ಲ ಎಂಬುದನ್ನು ಪಕ್ಷಗಳಿಗೆ ಅದು ವರ್ಷಾನುಗಟ್ಟಲೆ ಕಲಿಸುತ್ತದೆ. ನಾವು ರಾಜಕಾರಣಿಗಳ ಸ್ವಭಾವದೋಷವೆಂದು ಬಯ್ಯುವ ಹಲವು ನಡೆಗಳು ಈ ಪಾಠದ ಫಲ ಎಂಬುದು ನನ್ನ ವಾದ.

1. ಹಲವು ನಿಯಮಗಳ ದೇಶ

ಲೋಕಸಭೆ ಮತ್ತು ವಿಧಾನಸಭೆಗೆ ನಮ್ಮಲ್ಲಿರುವುದು ಸರಳ ಬಹುಮತದ ಪದ್ಧತಿ. ಒಂದು ಕ್ಷೇತ್ರ, ಒಬ್ಬ ಸದಸ್ಯ. ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವನಿಗೆ ಇಡೀ ಕ್ಷೇತ್ರ. ಅರ್ಧಕ್ಕಿಂತ ಹೆಚ್ಚು ಮತ ಬೇಕೆಂಬ ನಿರ್ಬಂಧವಿಲ್ಲ. ಚುನಾವಣೆಯೆಂದರೆ ಇದೊಂದೇ ಎಂದು ನಾವು ಭಾವಿಸಿಬಿಟ್ಟಿದ್ದೇವೆ. ಆದರೆ ನಮ್ಮದೇ ಸಂವಿಧಾನ ಬೇರೆ ನಿಯಮಗಳನ್ನೂ ಬಳಸುತ್ತದೆ. ರಾಜ್ಯಸಭೆಗೆ ಶಾಸಕರು ಮತ ಹಾಕುವುದು ಪ್ರಮಾಣಾನುಗುಣ ಪ್ರಾತಿನಿಧ್ಯದ ಏಕ ವರ್ಗಾವಣೀಯ ಮತ ಪದ್ಧತಿಯಲ್ಲಿ. ರಾಷ್ಟ್ರಪತಿಯ ಆಯ್ಕೆಗೂ ಅದೇ ಕ್ರಮ. ಕರ್ನಾಟಕದ ವಿಧಾನ ಪರಿಷತ್ತಿನ 75 ಸದಸ್ಯರಲ್ಲಿ ಏಳು ಮಂದಿ ಪದವೀಧರರಿಂದ, ಏಳು ಮಂದಿ ಶಿಕ್ಷಕರಿಂದ ಆಯ್ಕೆಯಾಗುತ್ತಾರೆ. ಅಲ್ಲಿ ಮತದಾರರು ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಎಂದು ಪ್ರಾಶಸ್ತ್ಯ ಬರೆಯುತ್ತಾರೆ. ಮೊದಲ ಎಣಿಕೆಯಲ್ಲಿ ಯಾರಿಗೂ ನಿಗದಿತ ಮತ ಸಿಗದಿದ್ದರೆ ಕೊನೆಯ ಅಭ್ಯರ್ಥಿಯನ್ನು ಕೈಬಿಟ್ಟು ಅವರ ಮತಗಳನ್ನು ಮುಂದಿನ ಪ್ರಾಶಸ್ತ್ಯದಂತೆ ಹಂಚಲಾಗುತ್ತದೆ.

ಹೀಗಾಗಿ ನಮ್ಮ ರಾಜ್ಯದ ಒಬ್ಬ ಪದವೀಧರ ಮತದಾರ ಎರಡು ನಿಯಮಗಳ ಕೆಳಗೆ ಬದುಕುತ್ತಾನೆ. ವಿಧಾನಸಭೆಗೆ ಮತ ಹಾಕುವಾಗ ತನ್ನ ಇಷ್ಟದ ಅಭ್ಯರ್ಥಿ ಗೆಲ್ಲುವಂತಿಲ್ಲ ಎನಿಸಿದರೆ ಮತ ವ್ಯರ್ಥವಾಗುವ ಭಯದಿಂದ ಇನ್ನೊಬ್ಬರ ಕಡೆ ಸರಿಯುತ್ತಾನೆ. ಪರಿಷತ್ತಿಗೆ ಮತ ಹಾಕುವಾಗ ಆ ಭಯವಿಲ್ಲ; ಇಷ್ಟದವರಿಗೆ ಮೊದಲ ಪ್ರಾಶಸ್ತ್ಯ ಕೊಟ್ಟು, ಸಹಿಸಬಹುದಾದವರಿಗೆ ಎರಡನೆಯದನ್ನು ಕೊಡಬಹುದು. ಅಭ್ಯರ್ಥಿಯ ಲೆಕ್ಕವೂ ಬದಲಾಗುತ್ತದೆ. ಎದುರಾಳಿಯ ಬೆಂಬಲಿಗರನ್ನೂ ಅವನು ಎರಡನೆಯ ಪ್ರಾಶಸ್ತ್ಯ ಕೇಳಬೇಕಾಗುವುದರಿಂದ ಅವರನ್ನು ನೋಯಿಸಿ ಮಾತಾಡುವುದು ದುಬಾರಿಯಾಗುತ್ತದೆ.

2. ಸಂವಿಧಾನ ಸಭೆಯ ಆಯ್ಕೆ

ಸರಳ ಬಹುಮತ ನಮಗೆ ಬ್ರಿಟಿಷರಿಂದ ಬಂದ ಬಳುವಳಿ, ನಿಜ. ಆದರೆ ಅದನ್ನು ಕಣ್ಣುಮುಚ್ಚಿ ಒಪ್ಪಿಕೊಂಡದ್ದಲ್ಲ. 1949ರ ಜನವರಿಯ ಆರಂಭದಲ್ಲಿ ಸಂವಿಧಾನ ಸಭೆ ಈ ವಿಷಯವನ್ನು ಚರ್ಚಿಸಿತು. ಕಾಜಿ ಸೈಯದ್ ಕರೀಮುದ್ದೀನ್ ಮೊದಲಾದವರು ಲೋಕಸಭೆಗೆ ಪ್ರಮಾಣಾನುಗುಣ ಪ್ರಾತಿನಿಧ್ಯ ಬೇಕೆಂದು ತಿದ್ದುಪಡಿ ತಂದರು. ಡಾ. ಬಿ. ಆರ್. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಅಂಥ ಪದ್ಧತಿಗೆ ಅಕ್ಷರಸ್ಥ ಮತದಾರರು ಬೇಕು. ಮೇಲಾಗಿ ಅದು ಶಾಸನಸಭೆಯನ್ನು ಸಣ್ಣ ಗುಂಪುಗಳಾಗಿ ಒಡೆದು ಸರ್ಕಾರದ ಸ್ಥಿರತೆಗೆ ಧಕ್ಕೆ ತರುತ್ತದೆ ಎಂಬುದು, ನಡಾವಳಿಗಳಲ್ಲಿ ದಾಖಲಾಗಿರುವಂತೆ, ಅವರ ವಾದದ ಸಾರ.

ಆಗಿನ ಸಂದರ್ಭವನ್ನು ಮರೆತು ಈ ತೀರ್ಮಾನವನ್ನು ತೂಗಬಾರದು. 1951ರ ಜನಗಣತಿಯಲ್ಲಿ ಅಕ್ಷರಸ್ಥರ ಪ್ರಮಾಣ ಸುಮಾರು ಶೇ 18. ಮೊದಲ ಮಹಾ ಚುನಾವಣೆಯಲ್ಲಿ ಪ್ರತಿ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಮತಪೆಟ್ಟಿಗೆ ಇಡಲಾಗಿತ್ತು. ಬೇಕಾದ ಪೆಟ್ಟಿಗೆಗೆ ಮತಪತ್ರ ಹಾಕಿದರೆ ಮತದಾರರ ಕೆಲಸ ಮುಗಿಯುತ್ತಿತ್ತು. ಪ್ರಾಶಸ್ತ್ಯದ ಅಂಕಿ ಬರೆಯುವ ಕ್ರಮ ಅಂದು ಕೋಟ್ಯಂತರ ಜನರನ್ನು ಮತಗಟ್ಟೆಯಿಂದ ಹೊರಗಿಡುತ್ತಿತ್ತು. ದೇಶವಿಭಜನೆಯ ಗಾಯ ಹಸಿಯಾಗಿದ್ದ ಕಾಲದಲ್ಲಿ ಸ್ಥಿರ ಸರ್ಕಾರ ಬೇಕೆಂಬ ಹಂಬಲವೂ ಅರ್ಥವಾಗುವಂಥದು. ಹಾಗಿದ್ದೂ ಆಗ ಪ್ರಯೋಗಗಳು ಇಲ್ಲದಿರಲಿಲ್ಲ. 1952 ಮತ್ತು 1957ರ ಚುನಾವಣೆಗಳಲ್ಲಿ ಇಬ್ಬರು ಸದಸ್ಯರ ಕ್ಷೇತ್ರಗಳಿದ್ದವು. ಅವುಗಳನ್ನು ರದ್ದುಮಾಡಿದ್ದು 1961ರ ಕಾಯ್ದೆ. ನಿಯಮ ಬದಲಾಯಿಸಬಾರದ್ದು ಎಂದು ಸಂವಿಧಾನ ನಿರ್ಮಾತೃಗಳು ತಿಳಿದಿರಲಿಲ್ಲ. ಕಾಲಕ್ಕೆ ಒಪ್ಪುವಂಥದು ಎಂದು ಒಂದನ್ನು ಆರಿಸಿಕೊಂಡರು. ಅದು ಕಾಲಕ್ಕೆ ಈಗಲೂ ಒಪ್ಪುತ್ತದೆಯೇ ಎಂದು ಕೇಳುವುದು ಅವರ ರೀತಿಗೆ ಹೊಂದುವ ಪ್ರಶ್ನೆಯೇ.

3. ಹತ್ತು ಚುನಾವಣೆಗಳ ಸಾಕ್ಷ್ಯ

ಈ ಪ್ರಶ್ನೆಗೆ ಉತ್ತರ ಹುಡುಕಲು ಕರ್ನಾಟಕಕ್ಕಿಂತ ಒಳ್ಳೆಯ ಉದಾಹರಣೆ ದೇಶದಲ್ಲಿ ಸಿಗುವುದು ಕಷ್ಟ. 1983ರಿಂದ 2023ರವರೆಗೆ ಇಲ್ಲಿ ಹತ್ತು ವಿಧಾನಸಭಾ ಚುನಾವಣೆಗಳು ನಡೆದಿವೆ. ಹತ್ತರಲ್ಲಿ ಒಂದರಲ್ಲೂ ಯಾವ ಪಕ್ಷಕ್ಕೂ ಅರ್ಧದಷ್ಟು ಮತ ಬಂದಿಲ್ಲ. ಆದರೆ ಆರು ಬಾರಿ ಒಂದೇ ಪಕ್ಷ ಸ್ಪಷ್ಟ ಬಹುಮತ ಪಡೆದಿದೆ. ನಾಲ್ಕು ಬಾರಿ ಅತಿ ಹೆಚ್ಚು ಮತ ಪಡೆದ ಪಕ್ಷವೇ ಬೇರೆ, ಅತಿ ಹೆಚ್ಚು ಸ್ಥಾನ ಪಡೆದ ಪಕ್ಷವೇ ಬೇರೆ.

ಆ ನಾಲ್ಕನ್ನು ನೋಡೋಣ. 1983ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ 40 ಮತ, 82 ಸ್ಥಾನ. ಜನತಾ ಪಕ್ಷಕ್ಕೆ ಶೇ 33 ಮತ, 95 ಸ್ಥಾನ. ರಾಮಕೃಷ್ಣ ಹೆಗಡೆಯವರ ನೇತೃತ್ವದಲ್ಲಿ ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂದದ್ದು ಈ ಎಣಿಕೆಯಿಂದ. 2004ರಲ್ಲಿ ಕಾಂಗ್ರೆಸ್ಸಿಗೆ ಶೇ 35, 65 ಸ್ಥಾನ. ಬಿಜೆಪಿಗೆ ಶೇ 28, 79 ಸ್ಥಾನ. 2008ರಲ್ಲಿ ಕಾಂಗ್ರೆಸ್ ಮತದಲ್ಲಿ ಕೂದಲೆಳೆಯಷ್ಟು ಮುಂದಿತ್ತು. ಸ್ಥಾನ ಮಾತ್ರ ಬಿಜೆಪಿಗೆ 110, ಕಾಂಗ್ರೆಸ್ಸಿಗೆ 80. 2018ರಲ್ಲಿ ಕಾಂಗ್ರೆಸ್ಸಿಗೆ ಶೇ 38, ಬಿಜೆಪಿಗೆ ಶೇ 36. ಸ್ಥಾನ ಕ್ರಮವಾಗಿ 80 ಮತ್ತು 104. ನಾಲ್ಕರಲ್ಲೂ ನಷ್ಟ ಅನುಭವಿಸಿದ್ದು ಒಂದೇ ಪಕ್ಷ. ಇದರಲ್ಲಿ ಮೋಸವೇನೂ ಇರಲಿಲ್ಲ. ಕಾಂಗ್ರೆಸ್ಸಿನ ಮತ ಬೀದರಿನಿಂದ ಚಾಮರಾಜನಗರದವರೆಗೆ ತೆಳ್ಳಗೆ ಹರಡಿಕೊಂಡಿತ್ತು. ಎಲ್ಲ ಕಡೆ ಇರುವ ಪಕ್ಷ ಬಹಳ ಕಡೆ ಎರಡನೆಯದಾಗಿ ಉಳಿಯುತ್ತದೆ. ಎರಡನೆಯ ಸ್ಥಾನಕ್ಕೆ ಈ ನಿಯಮದಲ್ಲಿ ಬೆಲೆಯಿಲ್ಲ.

ಇದೇ ನಿಯಮ ಇನ್ನೊಮ್ಮೆ ಅದೇ ಪಕ್ಷಕ್ಕೆ ಉದಾರವಾಗಿಯೂ ನಡೆದುಕೊಂಡಿದೆ. 2008ರಿಂದ 2013ಕ್ಕೆ ಕಾಂಗ್ರೆಸ್ಸಿನ ಮತ ಏರಿದ್ದು ಶೇಕಡಾ ಎರಡರಷ್ಟೂ ಇಲ್ಲ. ಸ್ಥಾನ 80ರಿಂದ 122ಕ್ಕೆ ಜಿಗಿಯಿತು. ಕಾರಣ ಎದುರು ಪಾಳಯದಲ್ಲಿತ್ತು. ಯಡಿಯೂರಪ್ಪನವರ ಕೆಜೆಪಿ ಹತ್ತಿರ ಹತ್ತಿರ ಶೇ 10, ಶ್ರೀರಾಮುಲು ಅವರ ಬಿಎಸ್‌ಆರ್ ಕಾಂಗ್ರೆಸ್ ಸುಮಾರು ಶೇ 3 ಮತ ಒಯ್ದವು; ಬಿಜೆಪಿಗೆ ಉಳಿದದ್ದು ಶೇ 20. ಮೂರನ್ನೂ ಕೂಡಿದರೆ ಹಿಂದಿನ ಚುನಾವಣೆಯ ಬಿಜೆಪಿ ಮತಕ್ಕೆ ತೀರ ಸಮೀಪ. ಮತದಾರರು ಹೆಚ್ಚೇನೂ ಕದಲಿರಲಿಲ್ಲ, ಪಕ್ಷ ಒಡೆದಿತ್ತು. 1989ರಲ್ಲಿ ಜನತಾ ಪರಿವಾರ ಒಡೆದಾಗ ಕಾಂಗ್ರೆಸ್ 178 ಸ್ಥಾನ ಗೆದ್ದದ್ದೂ ಇದೇ ಬಗೆ.

2018 ಮತ್ತು 2023ರ ನಡುವೆ ಬಿಜೆಪಿಯ ಮತ ಶೇ 36ರ ಆಸುಪಾಸಿನಲ್ಲೇ ನಿಂತಿತು, ಸ್ಥಾನ 104ರಿಂದ 66ಕ್ಕೆ ಇಳಿಯಿತು. ಹಳೆ ಮೈಸೂರು ಭಾಗದಲ್ಲಿ ಅದು ಗಳಿಸಿದ ಹೊಸ ಮತ ಗೆಲುವಿನ ಗೆರೆ ಮುಟ್ಟಲಿಲ್ಲ. ಕಿತ್ತೂರು ಮತ್ತು ಮಧ್ಯ ಕರ್ನಾಟಕದಲ್ಲಿ ಕಳೆದುಕೊಂಡ ಮತ ನೇರವಾಗಿ ಸ್ಥಾನವನ್ನೇ ಕಸಿಯಿತು. ಇತ್ತ ಜೆಡಿಎಸ್ ಕಳೆದುಕೊಂಡ ಶೇ 5 ಮತ್ತು ಕಾಂಗ್ರೆಸ್ ಗಳಿಸಿದ ಶೇ 5 ಹೆಚ್ಚುಕಡಿಮೆ ಸರಿಸಮ. ಮರುವರ್ಷದ ಲೋಕಸಭಾ ಚುನಾವಣೆಗೆ ಜೆಡಿಎಸ್ ಬಿಜೆಪಿಯ ಜೊತೆ ಹೊಂದಾಣಿಕೆ ಮಾಡಿಕೊಂಡಿತು. ತ್ರಿಕೋನ ಸ್ಪರ್ಧೆ ನೇರ ಸ್ಪರ್ಧೆಯಾಯಿತು. ಮೂವರಿರುವಲ್ಲಿ ಧಾರಾಳವಾಗಿ ಸಾಕಾದ ಶೇ 43, ಇಬ್ಬರಿರುವಲ್ಲಿ ಶೇ 45 ಆದರೂ ಸಾಲದಾಯಿತು. ಮತದಾರರ ಮನಸ್ಸಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ಕಣದಲ್ಲಿ ಎಷ್ಟು ಮಂದಿ ಇದ್ದಾರೆ ಎಂಬುದು ಫಲಿತಾಂಶವನ್ನು ನಿರ್ಧರಿಸುತ್ತದೆ.

4. ಮತ ಎಲ್ಲಿದೆ ಎಂಬ ಪ್ರಶ್ನೆ

ಮತ ಎಷ್ಟು ಎಂಬುದರ ಜೊತೆಗೆ ಮತ ಎಲ್ಲಿ ಎಂಬುದೂ ಈ ನಿಯಮದಲ್ಲಿ ಮುಖ್ಯ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಒಂದೇ ಮತದಿಂದ ಗೆದ್ದರು. 2023ರಲ್ಲಿ ಜಯನಗರದ ಗೆಲುವಿನ ಅಂತರ 16. ಅಂಥ ಗೆಲುವಿಗೂ ಐವತ್ತು ಸಾವಿರದ ಅಂತರದ ಗೆಲುವಿಗೂ ಸದನದಲ್ಲಿ ಒಂದೇ ತೂಕ. ಆದ್ದರಿಂದ ಒಂದು ಪ್ರದೇಶದಲ್ಲಿ ಬೇರೂರಿದ ಪಕ್ಷ ಉಳಿಯುತ್ತದೆ, ದೇಶದುದ್ದಕ್ಕೂ ಹರಡಿದ ಸಣ್ಣ ಪಕ್ಷ ಸೊರಗುತ್ತದೆ. 2014ರ ಲೋಕಸಭಾ ಚುನಾವಣೆಯಲ್ಲಿ ಬಹುಜನ ಸಮಾಜ ಪಕ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮತ, ಶೇ 4ರಷ್ಟು, ಬಂದವು. ಮತದಲ್ಲಿ ಅದು ದೇಶದ ಮೂರನೆಯ ಪಕ್ಷ. ಸ್ಥಾನ ಸೊನ್ನೆ. ಶೇ 3ರ ಆಸುಪಾಸಿನಲ್ಲಿದ್ದ ಅಣ್ಣಾ ಡಿಎಂಕೆ ತಮಿಳುನಾಡೊಂದರಲ್ಲೇ 37 ಸ್ಥಾನ ಗೆದ್ದಿತು. ಹಳೆ ಮೈಸೂರಿನಲ್ಲಿ ನೆಲೆಯಿರುವ ಜೆಡಿಎಸ್ ದಶಕಗಳ ಕಾಲ ನಿಂತದ್ದಕ್ಕೂ ಎಡಪಕ್ಷಗಳು ಕರ್ನಾಟಕದಲ್ಲಿ ಕರಗಿದ್ದಕ್ಕೂ ಒಂದು ಕಾರಣ ಇಲ್ಲಿದೆ.

ನೆರೆಯ ಶ್ರೀಲಂಕಾ ಇದರ ಅತಿರೇಕವನ್ನು ಅನುಭವಿಸಿತು. 1970ರಲ್ಲಿ ಯುಎನ್‌ಪಿ ಅತಿ ಹೆಚ್ಚು ಮತ ಪಡೆದರೂ ಅದಕ್ಕೆ ಸಿಕ್ಕಿದ್ದು 17 ಸ್ಥಾನ; ಎಡಪಕ್ಷಗಳೊಡನೆ ಹೊಂದಾಣಿಕೆ ಮಾಡಿಕೊಂಡಿದ್ದ ಎಸ್‌ಎಲ್‌ಎಫ್‌ಪಿ ಒಂದೇ 91 ಗೆದ್ದಿತು. 1977ರಲ್ಲಿ ಚಿತ್ರ ತಿರುಗಿತು. ಶೇ 51ರಷ್ಟು ಮತದ ಯುಎನ್‌ಪಿಗೆ 168ರಲ್ಲಿ 140 ಸ್ಥಾನ. ಶೇ 30ರ ಎಸ್‌ಎಲ್‌ಎಫ್‌ಪಿಗೆ ಎಂಟು. ಉತ್ತರ ಮತ್ತು ಪೂರ್ವದಲ್ಲಿ ನೆಲೆಸಿದ್ದ ತಮಿಳರ ಪಕ್ಷ ಶೇ 7ನ್ನೂ ಮುಟ್ಟದ ಮತದಿಂದ 18 ಸ್ಥಾನ ಗೆದ್ದು ಪ್ರಮುಖ ವಿರೋಧ ಪಕ್ಷವಾಯಿತು. ಸಂವಿಧಾನವನ್ನೇ ಬದಲಿಸುವಷ್ಟು ಬಹುಮತ ಒಂದು ಪಕ್ಷದ ಕೈಗೆ ಬಂದದ್ದು ಹೀಗೆ. 1978ರ ಹೊಸ ಸಂವಿಧಾನ ಆ ಪದ್ಧತಿಯನ್ನೇ ಕೈಬಿಟ್ಟು ಪ್ರಮಾಣಾನುಗುಣ ಪ್ರಾತಿನಿಧ್ಯವನ್ನು ತಂದಿತು.

5. ನಿಯಮ ಕಲಿಸುವ ರಾಜಕಾರಣ

ಫ್ರಾನ್ಸಿನ ವಿದ್ವಾಂಸ ಮಾರಿಸ್ ಡುವರ್ಜೆ 1951ರಲ್ಲಿ ಪ್ರಕಟಿಸಿದ ರಾಜಕೀಯ ಪಕ್ಷಗಳ ಕುರಿತ ಗ್ರಂಥದಲ್ಲಿ ಸರಳ ಬಹುಮತ ಎರಡು ಪಕ್ಷಗಳ ವ್ಯವಸ್ಥೆಗೂ ಪ್ರಮಾಣಾನುಗುಣ ಪದ್ಧತಿ ಹಲವು ಪಕ್ಷಗಳ ವ್ಯವಸ್ಥೆಗೂ ದಾರಿ ಮಾಡುತ್ತದೆ ಎಂದು ವಾದಿಸಿದರು. ಹತ್ತಾರು ಪಕ್ಷಗಳಿರುವ ಭಾರತ ಈ ಸೂತ್ರಕ್ಕೆ ಅಪವಾದವೆಂಬ ಮಾತು ಸಾಮಾನ್ಯ. ಆದರೆ ಸೂತ್ರ ಕೆಲಸ ಮಾಡುವುದು ಕ್ಷೇತ್ರದ ಮಟ್ಟದಲ್ಲಿ. ಒಂದೊಂದು ಕ್ಷೇತ್ರದಲ್ಲಿ ನಿಜವಾದ ಪೈಪೋಟಿ ಬಹುಮಟ್ಟಿಗೆ ಇಬ್ಬರ ನಡುವೆಯೇ. ಆ ಇಬ್ಬರು ಮಂಡ್ಯದಲ್ಲಿ ಬೇರೆ, ಬೆಳಗಾವಿಯಲ್ಲಿ ಬೇರೆ, ಕೇರಳದಲ್ಲಿ ಮತ್ತೂ ಬೇರೆ. ಕೇರಳದ ಪಕ್ಷಗಳು ಎರಡು ರಂಗಗಳಾಗಿ ಕೂಡಿಕೊಂಡದ್ದು ಈ ಒತ್ತಡಕ್ಕೆ ಕಂಡುಕೊಂಡ ಉಪಾಯ.

ಇನ್ನು ಟಿಕೆಟ್ ಹಂಚಿಕೆ. ಒಂದೂವರೆ ಲಕ್ಷ ಮತ ಚಲಾವಣೆಯಾಗುವ ಕ್ಷೇತ್ರದಲ್ಲಿ ಮೂವರು ಪ್ರಬಲರಿದ್ದರೆ ಐವತ್ತೈದು ಸಾವಿರ ಮತಕ್ಕೆ ಗೆಲುವು ಒಲಿಯಬಹುದು. ಒಂದು ದೊಡ್ಡ ಸಮುದಾಯ, ಅದಕ್ಕೆ ಒತ್ತಾಸೆಯಾಗಿ ಇನ್ನೊಂದು ಸಣ್ಣದು ಸೇರಿದರೆ ಈ ಲೆಕ್ಕ ಮುಗಿಯುತ್ತದೆ. ಉಳಿದ ತೊಂಬತ್ತೈದು ಸಾವಿರ ಮತದಾರರ ಒಪ್ಪಿಗೆ ಅಭ್ಯರ್ಥಿಗೆ ಬೇಕಿಲ್ಲ. ಅವರ ಮತ ಇಬ್ಬರ ನಡುವೆ ಒಡೆದರೆ ಸಾಕು. ಜಾತಿ ಲೆಕ್ಕಾಚಾರವನ್ನು ನಾವು ನೈತಿಕ ಪತನವೆಂದು ಖಂಡಿಸುತ್ತೇವೆ. ಜಾತಿಯನ್ನು ಈ ನಿಯಮ ಹುಟ್ಟಿಸಲಿಲ್ಲ ಎಂಬುದು ನಿಜ. ಆದರೆ ಅದನ್ನು ಅತ್ಯಂತ ಲಾಭದಾಯಕ ಲೆಕ್ಕವಾಗಿಸಿದ್ದರಲ್ಲಿ ನಿಯಮದ ಪಾಲು ದೊಡ್ಡದು. ಎದುರಾಳಿಯ ಮತ ಒಡೆಯಲೆಂದೇ ನಿಲ್ಲಿಸುವ ಅದೇ ಹೆಸರಿನ ಪಕ್ಷೇತರರು, ಬಂಡಾಯ ಅಭ್ಯರ್ಥಿಯನ್ನು ಕಣದಿಂದ ಸರಿಸಲು ನಡೆಯುವ ಸಂಧಾನ, ಇವೆಲ್ಲ ಇದೇ ಲೆಕ್ಕದ ಮುಂದುವರಿಕೆ.

ಸಮ್ಮಿಶ್ರ ಸರ್ಕಾರಗಳ ಅಲ್ಪಾಯುಷ್ಯಕ್ಕೂ ಇಲ್ಲಿ ಸುಳಿವಿದೆ. 2018ರಲ್ಲಿ ಕೈಜೋಡಿಸಿದ ಕಾಂಗ್ರೆಸ್ ಮತ್ತು ಜೆಡಿಎಸ್ ಹಳೆ ಮೈಸೂರಿನ ಕ್ಷೇತ್ರ ಕ್ಷೇತ್ರದಲ್ಲೂ ಪರಸ್ಪರ ಎದುರಾಳಿಗಳಾಗಿದ್ದವು. ವಿಧಾನಸೌಧದಲ್ಲಿ ಮಿತ್ರರಾದವರು ತಾಲ್ಲೂಕಿನಲ್ಲಿ ವೈರಿಗಳಾಗಿಯೇ ಉಳಿದರು. 2019ರ ಲೋಕಸಭಾ ಚುನಾವಣೆಯಲ್ಲಿ ಒಂದಾಗಿ ನಿಂತರೂ ಒಬ್ಬರ ಮತ ಇನ್ನೊಬ್ಬರಿಗೆ ಸಾಗಲಿಲ್ಲ. ತಲಾ ಒಂದೊಂದು ಸ್ಥಾನ ದಕ್ಕಿತು. ಅದೇ ವರ್ಷದ ಜುಲೈನಲ್ಲಿ ಸರ್ಕಾರ ಬಿತ್ತು. ಪಕ್ಷಾಂತರಕ್ಕೆ ಬೇರೆ ಕಾರಣಗಳೂ ಇದ್ದವು. ಆದರೆ ಮಿತ್ರಪಕ್ಷ ಬಲಗೊಂಡಷ್ಟೂ ತನ್ನ ಕ್ಷೇತ್ರ ಕೈತಪ್ಪುತ್ತದೆಂಬ ಶಾಸಕನ ಭಯವನ್ನು ಈ ನಿಯಮವೇ ಪೋಷಿಸುತ್ತದೆ.

6. ಪರ್ಯಾಯಗಳು ಮತ್ತು ಅವುಗಳ ಬೆಲೆ

ಹಾಗೆಂದು ಬೇರೆ ಪದ್ಧತಿಗಳು ನಿರ್ದೋಷಿಗಳಲ್ಲ. ಇಡೀ ದೇಶವನ್ನೇ ಒಂದು ಕ್ಷೇತ್ರವಾಗಿಸಿ ಪಕ್ಷಗಳ ಪಟ್ಟಿಗೆ ಮತ ಹಾಕಿಸುವ ಇಸ್ರೇಲಿನಲ್ಲಿ ಶೇ 3.25 ಮತ ಪಡೆದ ಪಕ್ಷವೂ ಸಂಸತ್ತಿಗೆ ಬರುತ್ತದೆ. ಅಲ್ಲಿ ಯಾವ ಪಕ್ಷವೂ ಚುನಾವಣೆಯಲ್ಲಿ ಒಂಟಿಯಾಗಿ ಬಹುಮತ ಪಡೆದದ್ದಿಲ್ಲ; 2019ರ ಏಪ್ರಿಲಿನಿಂದ 2022ರ ನವೆಂಬರಿನೊಳಗೆ ಐದು ಚುನಾವಣೆಗಳಾದವು. ಸಣ್ಣ ಪಕ್ಷವೊಂದು ತನ್ನ ಬಲಕ್ಕೆ ಮೀರಿದ ಬೆಲೆ ಕೇಳುವ ಅವಕಾಶ ಅಲ್ಲಿ ಸದಾ ಇರುತ್ತದೆ. ನೇಪಾಳದ 275 ಸ್ಥಾನಗಳಲ್ಲಿ 165 ನೇರ ಕ್ಷೇತ್ರದವು, 110 ಪಟ್ಟಿಯವು. ಅಲ್ಲಿನ ಸಂಸತ್ತಿಗೆ ಬರುವ ಮಹಿಳೆಯರಲ್ಲಿ ಬಹುಪಾಲು ಪಟ್ಟಿಯಿಂದಲೇ ಬರುತ್ತಾರೆ, ಇದು ಲಾಭ. ಪಟ್ಟಿ ಪಕ್ಷದ ನಾಯಕರ ಹತ್ತಿರದವರಿಂದ ತುಂಬುತ್ತದೆ ಎಂಬ ದೂರೂ ಅಷ್ಟೇ ಬಲವಾಗಿದೆ.

ನ್ಯೂಜಿಲೆಂಡಿನ ಅನುಭವ ನಮಗೆ ಹೆಚ್ಚು ಉಪಯುಕ್ತ. ನಮ್ಮಂತೆಯೇ ಬ್ರಿಟಿಷ್ ಪದ್ಧತಿಯನ್ನು ಪಡೆದ ಆ ದೇಶದಲ್ಲಿ 1978 ಮತ್ತು 1981ರಲ್ಲಿ ಸತತ ಎರಡು ಬಾರಿ ಲೇಬರ್ ಪಕ್ಷ ಹೆಚ್ಚು ಮತ ಪಡೆದೂ ಸೋತಿತು. 1981ರಲ್ಲಿ ಸೋಷಿಯಲ್ ಕ್ರೆಡಿಟ್ ಎಂಬ ಮೂರನೆಯ ಪಕ್ಷಕ್ಕೆ ಶೇ 20 ದಾಟಿದ ಮತ, ಎರಡು ಸ್ಥಾನ. 1986ರಲ್ಲಿ ರಾಜ ಆಯೋಗವೊಂದು ಬದಲಾವಣೆಯನ್ನು ಶಿಫಾರಸು ಮಾಡಿತು. 1992 ಮತ್ತು 1993ರ ಜನಮತ ಸಂಗ್ರಹಗಳಲ್ಲಿ ಜನ ಒಪ್ಪಿದರು. 1996ರಿಂದ ಜರ್ಮನಿಯ ಮಾದರಿಯ ಮಿಶ್ರ ಪದ್ಧತಿ ಜಾರಿಯಲ್ಲಿದೆ. ಮತದಾರರಿಗೆ ಎರಡು ಮತ: ಒಂದು ಕ್ಷೇತ್ರದ ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಕ್ಷೇತ್ರಗಳಲ್ಲಿ ಅನ್ಯಾಯವಾದ ಪಕ್ಷಕ್ಕೆ ಪಟ್ಟಿಯ ಸ್ಥಾನಗಳಿಂದ ಸರಿದೂಗಿಸಲಾಗುತ್ತದೆ. ಸಮ್ಮಿಶ್ರ ಸರ್ಕಾರ ಅಲ್ಲಿ ರೂಢಿಯಾಯಿತು. ಆದರೆ ಅರಾಜಕತೆಯೇನೂ ಬರಲಿಲ್ಲ. 2020ರಲ್ಲಿ ಅರ್ಧದಷ್ಟು ಮತ ಗಳಿಸಿದ ಲೇಬರ್ ಪಕ್ಷಕ್ಕೆ ಒಂಟಿ ಬಹುಮತವೂ ಸಿಕ್ಕಿತು.

ಭಾರತದಲ್ಲೂ ಈ ಯೋಚನೆ ನಡೆದಿದೆ. 1999ರಲ್ಲಿ ನ್ಯಾಯಮೂರ್ತಿ ಬಿ. ಪಿ. ಜೀವನ್ ರೆಡ್ಡಿ ಅಧ್ಯಕ್ಷತೆಯ ಕಾನೂನು ಆಯೋಗ ತನ್ನ 170ನೆಯ ವರದಿಯಲ್ಲಿ ಈಗಿನ ಕ್ಷೇತ್ರಗಳನ್ನು ಉಳಿಸಿಕೊಂಡು, ಶೇ 25ರಷ್ಟು ಸ್ಥಾನಗಳನ್ನು ಹೆಚ್ಚಿಸಿ, ಅವನ್ನು ಪಟ್ಟಿ ಪದ್ಧತಿಯಿಂದ ತುಂಬಲು ಸಲಹೆ ನೀಡಿತು.

ಹೆಚ್ಚುವರಿ ಸ್ಥಾನಗಳನ್ನು ಹೇಗೆ ಹಂಚಬೇಕು ಎಂಬಲ್ಲಿಯೇ ಸುಧಾರಣೆಯ ಜೀವಾಳವಿದೆ. 2018ರ ಕರ್ನಾಟಕಕ್ಕೆ ಇದನ್ನು ಅನ್ವಯಿಸಿ ನೋಡೋಣ. 224ಕ್ಕೆ 56 ಸೇರಿಸಿದರೆ 280. ಈ 56ನ್ನು ಮಾತ್ರ ಮೂರು ಮುಖ್ಯ ಪಕ್ಷಗಳ ನಡುವೆ ಮತದ ಪ್ರಮಾಣದಲ್ಲಿ ಹಂಚಿದರೆ ಬಿಜೆಪಿಗೆ ಒಟ್ಟು 126, ಕಾಂಗ್ರೆಸ್ಸಿಗೆ 103, ಜೆಡಿಎಸ್‌ಗೆ 48. ಹಳೆಯ ಅಸಮತೋಲ ಹಾಗೆಯೇ ಉಳಿಯುತ್ತದೆ. ನ್ಯೂಜಿಲೆಂಡಿನಂತೆ ಒಟ್ಟು ಸದನವೇ ಮತದ ಪ್ರಮಾಣಕ್ಕೆ ಹೊಂದುವಂತೆ ಅದೇ 56ನ್ನು ಹಂಚಿದರೆ ಕಾಂಗ್ರೆಸ್ಸಿಗೆ ಸುಮಾರು 114, ಬಿಜೆಪಿಗೆ 108, ಜೆಡಿಎಸ್‌ಗೆ 55. ಎರಡಕ್ಕೂ ಬೇಕಾದ ಸ್ಥಾನಗಳ ಸಂಖ್ಯೆ ಒಂದೇ, ರಾಜಕಾರಣ ಬೇರೆಯೇ. ನಿಯಮ ಬದಲಾದರೆ ಮತದಾರರೂ ಪಕ್ಷಗಳೂ ಬೇರೆ ರೀತಿ ನಡೆದುಕೊಳ್ಳುವುದರಿಂದ ಇದು ಭವಿಷ್ಯವಾಣಿಯಲ್ಲ, ಅಂದಾಜು. ಎರಡರಲ್ಲೂ ಅತಂತ್ರ ವಿಧಾನಸಭೆಯೇ ಬರುತ್ತಿತ್ತು ಎಂಬುದನ್ನೂ ಮುಚ್ಚಿಡಬಾರದು.

7. ಮುಂದಿನ ದಾರಿ

ನನ್ನ ನಿಲುವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಕ್ಷೇತ್ರಕ್ಕೊಬ್ಬ ಶಾಸಕ ಇರಬೇಕು. ರಸ್ತೆ, ನೀರು, ಆಸ್ಪತ್ರೆಗೆ ಯಾರನ್ನು ಕೇಳಬೇಕೆಂದು ಜನರಿಗೆ ತಿಳಿದಿರುವುದು ಈ ಪದ್ಧತಿಯ ದೊಡ್ಡ ಗುಣ. ಅದನ್ನು ಕಳೆದುಕೊಳ್ಳುವ ಸುಧಾರಣೆ ನಮಗೆ ಬೇಡ. ಅದರ ಮೇಲೆ ಸರಿದೂಗಿಸುವ ಸ್ಥಾನಗಳ ಒಂದು ಪದರ ಬರಬೇಕು. ಪಟ್ಟಿ ದೆಹಲಿಯ ಹೈಕಮಾಂಡಿನಲ್ಲಿ ತಯಾರಾಗದಂತೆ ಅದನ್ನು ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ ಎಂಬ ನಾಲ್ಕು ಕಂದಾಯ ವಿಭಾಗಗಳ ಮಟ್ಟದಲ್ಲಿ ಇಡಬೇಕು. ಹೆಸರುಗಳ ಕ್ರಮವನ್ನು ಪಕ್ಷದ ಸದಸ್ಯರೇ ಮತ ಹಾಕಿ ನಿರ್ಧರಿಸಬೇಕು. ಒಳಗೆ ಚುನಾವಣೆ ನಡೆಸದ ಪಕ್ಷಗಳ ಕೈಗೆ ಪಟ್ಟಿ ಪದ್ಧತಿಯನ್ನು ಕೊಟ್ಟರೆ ನಾಯಕರ ಹಿಡಿತವೇ ಬಿಗಿಯಾಗುತ್ತದೆ ಎಂಬ ಆಕ್ಷೇಪಕ್ಕೆ ಬೇರೆ ಉತ್ತರವಿಲ್ಲ.

ಸ್ಥಿರತೆಯ ಆಕ್ಷೇಪವನ್ನೂ ಎದುರಿಸಬೇಕು. ಈಗಿನ ನಿಯಮದ ಕೆಳಗೇ 2004ರಲ್ಲಿ ಆಯ್ಕೆಯಾದ ವಿಧಾನಸಭೆ ಮೂವರು ಮುಖ್ಯಮಂತ್ರಿಗಳನ್ನು ಕಂಡು, ಅವಧಿ ಮುಗಿಯುವ ಮೊದಲೇ ವಿಸರ್ಜನೆಯಾಯಿತು. 2008ರ ಮತ್ತು 2018ರ ಸದನಗಳೂ ಮೂವರು ಮೂವರು ಮುಖ್ಯಮಂತ್ರಿಗಳನ್ನು ಕಂಡವು. ಸರಳ ಬಹುಮತದ ಪದ್ಧತಿ ಸ್ಥಿರ ಸರ್ಕಾರದ ಖಾತರಿ ಎಂಬ ಮಾತಿಗೆ ನಮ್ಮ ರಾಜ್ಯದ ಇತಿಹಾಸ ಬೆಂಬಲ ಕೊಡುವುದಿಲ್ಲ.

ಈ ಪ್ರಶ್ನೆಯನ್ನು ಎತ್ತಲು ಇದು ತಕ್ಕ ಕಾಲ. ರಾಜ್ಯಗಳಿಗೆ ಲೋಕಸಭಾ ಸ್ಥಾನಗಳ ಹಂಚಿಕೆ 1971ರ ಜನಗಣತಿಯ ಆಧಾರದ ಮೇಲೆ ನಿಂತಿದೆ. 2026ರ ನಂತರದ ಮೊದಲ ಜನಗಣತಿಯವರೆಗೆ ಅದನ್ನು ಹಾಗೆಯೇ ಇರಿಸಿದ್ದು 84ನೆಯ ತಿದ್ದುಪಡಿ. ಕ್ಷೇತ್ರ ಮರುವಿಂಗಡಣೆಯ ವಾದದಲ್ಲಿ ದಕ್ಷಿಣಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂಬುದೇ ಮುಂದಿದೆ. ಅದು ನ್ಯಾಯವಾದ ಆತಂಕವೇ. ಆದರೆ ಸ್ಥಾನಗಳು ಹೆಚ್ಚುವುದಾದರೆ ಹೊಸ ಸ್ಥಾನಗಳನ್ನು ಯಾವ ನಿಯಮದಿಂದ ತುಂಬಬೇಕು ಎಂಬುದನ್ನೂ ಅದೇ ಉಸಿರಿನಲ್ಲಿ ಕೇಳಬೇಕು. ಇದ್ದ ಕ್ಷೇತ್ರಗಳನ್ನು ಕಿತ್ತುಕೊಂಡು ಸುಧಾರಣೆ ಮಾಡಹೊರಟರೆ ಯಾವ ಹಾಲಿ ಸದಸ್ಯನೂ ಒಪ್ಪುವುದಿಲ್ಲ. ಹೊಸ ಸ್ಥಾನಗಳು ಬರುವಾಗ ಯಾರ ಕ್ಷೇತ್ರವನ್ನೂ ಮುಟ್ಟದೆ ಅದನ್ನು ಮಾಡಬಹುದು. ಇಂಥ ಸಂದರ್ಭ ಒಂದು ತಲೆಮಾರಿಗೆ ಒಮ್ಮೆ ಒದಗಿದರೆ ಹೆಚ್ಚು. ಎಲ್ಲ ಹೊಸ ಸ್ಥಾನಗಳೂ ಹಳೆಯ ನಿಯಮದ ಪಾಲಾದ ಮೇಲೆ ಈ ಚರ್ಚೆ ಮಾಡಿದರೆ, ಆ ಸ್ಥಾನಗಳಲ್ಲಿ ಗೆದ್ದು ಕುಳಿತವರೇ ಅದರ ಮೊದಲ ವಿರೋಧಿಗಳಾಗುತ್ತಾರೆ.